ಮೌನಶಾಲೆಯ ದುಂಡವ್ವ

ಆ ಊರಿನವರು ಅಕ್ಷರವನ್ನು ಎಷ್ಟು ಗೌರವಿಸುತ್ತಿದ್ದರೆಂದರೆ, ಅವರ ಶಾಲೆಯೊಳಗೆ ಯಾರೂ ಮಾತನಾಡುತ್ತಿರಲಿಲ್ಲ. ಮಾತು ಹಾರಿಹೋಗುವಂಥದ್ದು, ಬರಹ ನಿಲ್ಲುವಂಥದ್ದು ಎಂದು ಹಿರಿಯರು ನಂಬಿದ್ದರು. ಮಾಸ್ತರರು ಗೋಡೆಯ ಮೇಲೆ ಬರೆಯುವರು. ಮಕ್ಕಳು ನೋಡಿ ಪಾಟಿಯ ಮೇಲೆ ಇಳಿಸಿಕೊಳ್ಳುವರು. ವರ್ಷಕ್ಕೊಮ್ಮೆ ಮಾತ್ರ ಹಿರಿಯರು ಬಂದು ಪ್ರತಿ ಮಗುವಿನ ಹೆಸರನ್ನು ಗಟ್ಟಿಯಾಗಿ ಕರೆಯುವರು. ಕೇಳಿಸಿಕೊಂಡು ತನ್ನ ಹೆಸರು ಬರೆದ ಮಗು ಮುಂದಿನ ತರಗತಿಗೆ, ಬರೆಯಲಾಗದ ಮಗು ಇಟ್ಟಿಗೆ ಭಟ್ಟಿಗೆ.

ಕೌದಿ ಹೊಲಿಯುವ ಕಲ್ಲವ್ವನ ಮಗಳ ಸರದಿ ಬಂತು. ಹಿರಿಯರಾದ ದೇಸಾಯರು "ದುಂಡವ್ವ" ಎಂದರು. ಹುಡುಗಿ ಪಾಟಿಯ ಮೇಲೆ ಅಂದವಾಗಿ "ತುಂಟವ್ವ" ಎಂದು ಬರೆದಳು.

ಹಿರಿಯರು ಮೊದಲು ನಕ್ಕರು, ಆಮೇಲೆ ಅವರ ಮುಖ ಬಿಗಿಯಿತು. ಗೋಡೆ ನೋಡಿ ಬರೆಯುವಾಗ ಈ ಹುಡುಗಿ ಒಂದು ಕೊಂಬನ್ನೂ ತಪ್ಪಿದವಳಲ್ಲ. ಹಾಗಿದ್ದ ಮೇಲೆ ಇದು ಬೇಕೆಂದೇ ಮಾಡಿದ್ದು. ಮಾಸ್ತರರಾದ ವೀರಭದ್ರಯ್ಯನವರು ಅವಳನ್ನು ಬಿಸಿಲಿನಲ್ಲಿ ನಿಲ್ಲಿಸಿದರು. ಯುಗಾದಿಯ ತನಕ ಅವಕಾಶ ಕೊಡೋಣ ಎಂದು ದೇಸಾಯರು ಹೇಳಿ ಹೋದರು. ದುಂಡವ್ವ ಪಾಟಿಯನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡಳು. ಅದರಲ್ಲಿ ತಪ್ಪೇನಿದೆಯೆಂದು ಅವಳಿಗೆ ತಿಳಿಯಲಿಲ್ಲ.

ಸಂಜೆ ಕಲ್ಲವ್ವ ಕೇಳಿದಳು: "ಏನು ಬರದಿ?"

"ನನ್ನ ಹೆಸರು."

"ಹೇಳು ನೋಡೋಣ."

"ತುಂಟವ್ವ."

ಕಲ್ಲವ್ವ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ಮಗಳು ದಾರಕ್ಕೆ ತಾರ ಎನ್ನುತ್ತಿದ್ದಳು, ಗಾಳಿಗೆ ಕಾಳಿ ಎನ್ನುತ್ತಿದ್ದಳು. ಎಳೆತನದಲ್ಲಿ ಮುದ್ದಾಗಿ ಕೇಳಿಸುತ್ತಿದ್ದ ಆ ಮಾತು ಬರಬರುತ್ತ ತಾಯಿಯ ಕಿವಿಗೆ ಒಗ್ಗಿಹೋಗಿತ್ತು; ಮಗಳು ತಾರ ಅಂದರೂ ಅವಳು ಅದನ್ನು ದಾರವೆಂದೇ ತಿಳಿದುಕೊಳ್ಳುತ್ತಿದ್ದಳು.

ಊರಾಚೆಯ ಒಂದು ಮನೆಯಲ್ಲಿ ಕಮಲಾಕ್ಷಮ್ಮ ಎಂಬಾಕೆ ಇದ್ದರು. ಬೇರೆ ಊರಿನಿಂದ ಬಂದವರು. ತೊದಲುವ, ಉಗ್ಗುವ ಮಕ್ಕಳ ಮಾತು ತಿದ್ದುವುದು ಅವರ ಕೆಲಸ. ಬೇರೆ ದಾರಿ ಕಾಣದೆ ಕಲ್ಲವ್ವ ಅಲ್ಲಿಗೆ ಹೋದಳು.

"ನಮ್ಮ ಹುಡುಗಿ ಮೂಗಿ ಅಲ್ರೀ ಅಮ್ಮಾರ. ಬರಿಯೂದರಾಗ ತಪ್ತಾಳ, ಅಷ್ಟ."

"ಪಾಟಿ ಅಲ್ಲೇ ಇಡವ್ವ," ಎಂದರು ಕಮಲಾಕ್ಷಮ್ಮ. "ಮೊದಲು ಅವಳ ಮಾತು ಕೇಳೋಣ."

ಅವರು ಹುಡುಗಿಯ ಅಂಗೈಯನ್ನು ತಮ್ಮ ಗಂಟಲ ಮೇಲೆ ಇಟ್ಟುಕೊಂಡು ನಿಧಾನವಾಗಿ "ತ" ಎಂದರು, ಆಮೇಲೆ "ದ" ಎಂದರು. "ದ" ಹೊರಡುವ ಮೊದಲೇ ಗಂಟಲೊಳಗೆ ದುಂಬಿಯೊಂದು ಗುಂಯ್ಗುಟ್ಟಿದಂತಾಯಿತು. ಹುಡುಗಿ ಬೆಚ್ಚಿ ಕೈ ತೆಗೆದಳು.

"ಎರಡೂ ಒಂದೇ ಅಲ್ಲೇನ್ರೀ?"

"ನಿನ್ನ ಕಿವಿಗೆ ಒಂದೇ. ಕೈಗೆ ಎರಡು ತಾನೆ? ಕಿವಿಗೂ ಗೊತ್ತಾಗುವ ತನಕ ಆಡೋಣ."

ಆಟ ನಡೆಯಿತು. ಗುಡಿ ಎಂದರೆ ಬಾಗಿಲ ಕಡೆ ಓಡಬೇಕು, ಕುಡಿ ಎಂದರೆ ಲೋಟ ಎತ್ತಬೇಕು. ಕಮಲಾಕ್ಷಮ್ಮ ಗುಡಿ ಎಂದಾಗಲೂ ದುಂಡವ್ವ ನೀರು ಕುಡಿದು ಕುಡಿದು ಹೊಟ್ಟೆ ತುಂಬಿಸಿಕೊಂಡಳು. ಕೆಲವು ದಿನ ಅತ್ತಳು. ಕಲ್ಲವ್ವನಿಗೂ ದಿಕ್ಕು ತೋಚಲಿಲ್ಲ. ಬರೆಯುವುದು ಕಲಿಯಲು ಕಳಿಸಿದರೆ ಮಗಳು ಚಪ್ಪಾಳೆ ತಟ್ಟಿ ಪದ ಒಡೆಯುತ್ತಾಳೆ, ಸದ್ದಿಗೊಂದರಂತೆ ಹರಳು ಜೋಡಿಸಿ ಮತ್ತೆ ಕೂಡಿಸುತ್ತಾಳೆ. ವೀರಭದ್ರಯ್ಯನವರು ದಾರಿಯಲ್ಲಿ ಸಿಕ್ಕಾಗ, "ಗಂಟಲು ಹಿಡಿದುಕೊಂಡು ಕೂತರೆ ಕೈಗೆ ಅಕ್ಷರ ಬರುತ್ತದೆಯೇ?" ಎಂದು ಕೇಳಿದರು. ಆದರೂ ಕಲ್ಲವ್ವ ಮಗಳನ್ನು ಕಳಿಸುತ್ತಲೇ ಇದ್ದಳು.

ಹುಡುಗಿಯ ಬಾಯಿ ತಿರುಗತೊಡಗಿದ ಮೇಲಷ್ಟೇ ಕಮಲಾಕ್ಷಮ್ಮ ಪಾಟಿ ತೆಗೆದರು. "ಈಗ ಹೇಳಿದೆಯಲ್ಲ, ಆ ಸದ್ದಿನ ಆಕಾರ ಇದು," ಎಂದು "ದ" ಬರೆದರು. ದುಂಡವ್ವ ಬಹಳ ಹೊತ್ತು ನೋಡಿದಳು. ಆ ಅಕ್ಷರವನ್ನು ಎಷ್ಟೋ ಸಲ ಬರೆದಿದ್ದಳು. ಅದಕ್ಕೆ ತನ್ನದೇ ಆದ ಸದ್ದಿದೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಒಂದು ಮಧ್ಯಾಹ್ನ ಅಂಗಡಿಬೀದಿಯಲ್ಲಿ ಅವಳು ತಾಯಿಯ ಸೆರಗು ಹಿಡಿದು ಎಳೆದಳು. ಅಂಗಡಿಯೊಂದರ ಹೆಸರಿನ ಹಲಗೆಯನ್ನು ದಿಟ್ಟಿಸಿ, ತುಟಿಯಲ್ಲೇ ಕೂಡಿಸಿಕೊಂಡು ಹೇಳಿದಳು: "ಅವ್ವಾ, ಇಲ್ಲಿ ದಾರ ಸಿಗತದಂತ."

ದಾರ ಎಂಬ ಮಾತನ್ನು ಮಗಳ ಬಾಯಿಂದ ಕಲ್ಲವ್ವ ಅದೇ ಮೊದಲು ಕೇಳಿದ್ದು. ಅವಳು ಏನೂ ಬೇಕಿಲ್ಲದಿದ್ದರೂ ಆ ಅಂಗಡಿಗೆ ಹೋಗಿ ಒಂದು ಉಂಡೆ ದಾರ ಕೊಂಡಳು.

ಯುಗಾದಿ ಬಂತು. ದೇಸಾಯರು ಹೆಸರು ಕರೆದರು. ದುಂಡವ್ವ ಒಂದು ಕೈ ಗಂಟಲ ಮೇಲಿಟ್ಟು, ಮೆಲ್ಲಗೆ ತನ್ನ ಹೆಸರನ್ನು ಹೇಳಿಕೊಂಡು, ಇನ್ನೊಂದು ಕೈಯಲ್ಲಿ "ದುಂಡವ್ವ" ಎಂದು ಬರೆದಳು.

ಹಿರಿಯರು ಗೊಂದಲಕ್ಕೆ ಬಿದ್ದರು. ಬರಹ ಸರಿಯಾಗಿತ್ತು, ಆದರೆ ಶಾಲೆಯೊಳಗೆ ಸದ್ದಾಗಿತ್ತು. ಸರಿಯಾದದ್ದು ತಪ್ಪಿನಿಂದ ಹೇಗೆ ಬಂತು? ಒಬ್ಬರು ಹುಡುಗಿಯನ್ನು ಹೊರಗೆ ಕಳಿಸಬೇಕೆಂದರು, ಇನ್ನೊಬ್ಬರು ಬಹುಮಾನ ಕೊಡಬೇಕೆಂದರು. ಕೊನೆಗೆ ದೇಸಾಯರು ದಾರಿ ಕಂಡುಕೊಂಡರು. "ಕೈ ಗಂಟಲ ಮೇಲಿತ್ತು. ಗುಣ ಇರುವುದು ಅದರಲ್ಲಿ. ಸದ್ದು ಹುಡುಗಿಯ ಕೆಟ್ಟ ಅಭ್ಯಾಸ, ಅಷ್ಟೇ."

ಎಲ್ಲರಿಗೂ ಸಮಾಧಾನವಾಯಿತು. ಕಮಲಾಕ್ಷಮ್ಮನವರನ್ನು ಕರೆಸಿ ಶಾಲು ಹೊದಿಸಿದರು. ಅವರು ಏನೋ ಹೇಳಲು ಬಾಯಿ ತೆರೆದಾಗ, "ಶಾಲೆಯಲ್ಲಿ ಮಾತು ಬೇಡ ತಾಯಿ. ವಿಧಾನ ನಮಗೆ ತಿಳಿಯಿತು," ಎಂದು ದೇಸಾಯರು ಕೈಮುಗಿದು ಬೀಳ್ಕೊಟ್ಟರು. ಕಮಲಾಕ್ಷಮ್ಮ ಶಾಲನ್ನು ಮಡಿಚಿಕೊಂಡು ಹೋದರು.

ಮರುದಿನದಿಂದ ಮಕ್ಕಳೆಲ್ಲ ಎಡಗೈಯನ್ನು ಗಂಟಲಿಗೆ ಹಚ್ಚಿ, ಬಾಯಿ ಮುಚ್ಚಿಕೊಂಡು ಬರೆಯತೊಡಗಿದರು. ಕೈ ಸರಿಯಾದ ಜಾಗದಲ್ಲಿದೆಯೇ ಎಂದು ವೀರಭದ್ರಯ್ಯನವರು ಸಾಲುಸಾಲಾಗಿ ನೋಡುತ್ತ ನಡೆದರು. ದುಂಡವ್ವನ ಪಕ್ಕದ ಪುಟ್ಟ ಹುಡುಗಿ ಅವಳ ಕಡೆ ತಿರುಗಿ ಪಿಸುಗುಟ್ಟಿದಳು: "ಗಂಟಲಾಗ ಏನೂ ಆಗವಲ್ದಲ್ಲ?"

ದುಂಡವ್ವ ಅವಳ ಕಿವಿಯಲ್ಲಿ ಏನೋ ಹೇಳಿದಳು. ಮಾಸ್ತರರು ನೋಡಿಬಿಟ್ಟರು, ಸಿಟ್ಟಿನಲ್ಲಿ ಶಾಲೆಯ ನಿಯಮವನ್ನೇ ಮರೆತರು.

"ಏನಂದೆ? ಎದ್ದು ನಿಂತು ಹೇಳು."

"ಗಂಟಲ ಹಿಡಿದರ ಸಾಲೂದಿಲ್ರೀ. ಮಾತಾಡಬೇಕು ಅಂದೆ."

ವೀರಭದ್ರಯ್ಯನವರು ಕೈಯೆತ್ತಿದವರು ಅಲ್ಲೇ ನಿಂತರು. ಹಿರಿಯರು ಮೆಚ್ಚಿದ ಹುಡುಗಿ, ಸುಳ್ಳು ಹೇಳಿರಲಾರಳು. ಆ ಮಾತಿನಲ್ಲಿ ಏನೋ ಇದೆ ಎನ್ನಿಸಿತು, ಏನೆಂದು ಹೊಳೆಯಲಿಲ್ಲ. ಅವರು ಗೋಡೆಯ ಬಳಿ ಹೋಗಿ, ತಮ್ಮ ಅತ್ಯಂತ ಸುಂದರವಾದ ಅಕ್ಷರಗಳಲ್ಲಿ "ಮಾತಾಡಬೇಕು" ಎಂದು ಬರೆದು, ಇಳಿಸಿಕೊಳ್ಳಿ ಎಂದು ಸನ್ನೆ ಮಾಡಿದರು.

ಮಕ್ಕಳು ತಲೆ ತಗ್ಗಿಸಿ ಇಳಿಸಿಕೊಂಡರು. ಯಾರ ಪಾಟಿಯಲ್ಲೂ ಒಂದು ತಪ್ಪೂ ಇರಲಿಲ್ಲ.