ವೇದಾಳ ರಕ್ತದ ಗುಂಪು

ಹಾನಗಲ್ಲಿನ ಹೈಸ್ಕೂಲೊಂದರಲ್ಲಿ ಶ್ರೀಪಾದ ವಿಜ್ಞಾನ ಕಲಿಸುತ್ತಿದ್ದ. ರಕ್ತದ ಗುಂಪುಗಳ ಪಾಠವೆಂದರೆ ಅವನಿಗೆ ಬಲು ಹುರುಪು. ಯಾರ ರಕ್ತ ಯಾರಿಗೆ ನಡೆಯುತ್ತದೆ, ಯಾವ ತಂದೆತಾಯಿಗೆ ಯಾವ ಗುಂಪಿನ ಮಗು ಹುಟ್ಟುತ್ತದೆ ಎಂದು ಬೋರ್ಡಿನ ತುಂಬ ಬರೆದು ತೋರಿಸುತ್ತಿದ್ದ. ಒಂದು ವರ್ಷ ಶಾಲೆಯಲ್ಲೇ ರಕ್ತ ತಪಾಸಣೆಯ ಶಿಬಿರ ಮಾಡಿಸಿ, ಎಂಟು ವರ್ಷದ ತನ್ನ ಮಗಳು ಭಾರ್ಗವಿಯನ್ನೂ ಕರೆದುಕೊಂಡು ಹೋದ. ಅವಳದು ಎಬಿ ಎಂದು ಬಂತು.

ಶ್ರೀಪಾದನದು ಎ. ಹೆಂಡತಿ ವೇದಾ ಬಸುರಿದ್ದಾಗ ಮಾಡಿಸಿದ ತಾಯಿ ಕಾರ್ಡಿನಲ್ಲಿ ಅವಳದು ಓ ಎಂದು ಬರೆದಿತ್ತು. ಅವನು ಕಲಿಸುವ ಪಾಠದ ಪ್ರಕಾರ ಅವರಿಬ್ಬರಿಗೆ ಎ ಇಲ್ಲವೇ ಓ ಗುಂಪಿನ ಮಗು ಹುಟ್ಟಬೇಕಿತ್ತು. ಏನೋ ನೆಪ ಹೇಳಿ ಮೂವರ ರಕ್ತವನ್ನೂ ಹುಬ್ಬಳ್ಳಿಯಲ್ಲಿ ಮತ್ತೆ ತಪಾಸಣೆ ಮಾಡಿಸಿದ. ಅಲ್ಲಿಯೂ ಅದೇ ಬಂತು.

ಅವನು ಬೈಯಲಿಲ್ಲ, ಕೈ ಎತ್ತಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಹೆಂಡತಿಯನ್ನು ಎದುರಿಗೆ ಕೂಡಿಸಿಕೊಂಡು, ವಿದ್ಯಾರ್ಥಿಗೆ ತಿಳಿಸುವಂತೆ ಎಲ್ಲವನ್ನೂ ಹಾಳೆಯ ಮೇಲೆ ಬರೆದು ತೋರಿಸಿದ.

"ಈ ಬಿ ಎಲ್ಲಿಂದ ಬಂತು ಹೇಳು" ಎಂದ.

"ನನಗ ಗೊತ್ತಿಲ್ಲರಿ. ಆದ್ರ ಅಕಿ ನಿಮ್ಮ ಮಗಳು."

ಬೇಕಾದರೆ ಇನ್ನೂ ದೊಡ್ಡ ಪರೀಕ್ಷೆ ಮಾಡಿಸಿರಿ, ಡಿಎನ್‌ಎ ಮಾಡಿಸಿರಿ ಎಂದು ವೇದಾ ತಾನೇ ಕೇಳಿಕೊಂಡಳು. ಅವನು ಒಪ್ಪಲಿಲ್ಲ. ತಿಳಿದದ್ದೇ ಸಾಕಾಗಿದೆ, ಇನ್ನು ಊರೆಲ್ಲ ತಿಳಿಯುವುದು ಬೇಡ ಎಂದ. ಆ ವಾರವೇ ತಾಯಿ ಮಗಳಿಬ್ಬರನ್ನೂ ಸವಣೂರಿನ ತವರಿಗೆ ಬಿಟ್ಟು ಹೋದ.

ತವರಿನಲ್ಲಿ ಯಾರೂ ಅವಳನ್ನು ಹೊರಗೆ ಹಾಕಲಿಲ್ಲ. ತಾಯಿ ಗೋಪಿಕಾಬಾಯಿ ಆರು ತಿಂಗಳು ಮಗಳ ಮುಖ ನೋಡಿ ಮಾತಾಡಲಿಲ್ಲ, ಅಷ್ಟೇ. ಹುಬ್ಬಳ್ಳಿಯ ವಿಮಾ ಕಚೇರಿಯಲ್ಲಿದ್ದ ತಮ್ಮ ಪವನ ಒಂದು ದಿನ ಬಂದು ಹತ್ತಿರ ಕುಳಿತು, ಮೆತ್ತಗೆ ಹೇಳಿದ: "ಖರೇ ಹೇಳಿಬಿಡು ಅಕ್ಕ. ನಾವು ಯಾರೂ ಏನೂ ಅನ್ನಂಗಿಲ್ಲ."

ಗಂಡನ ಹಾಳೆಗಿಂತ ತಮ್ಮನ ಆ ಮೆತ್ತನೆಯ ಮಾತು ಅವಳನ್ನು ಹೆಚ್ಚು ಸುಟ್ಟಿತು. ಅಂದಿನಿಂದ ಅವಳು ಯಾರ ಎದುರಿಗೂ ಆಣೆ ಪ್ರಮಾಣ ಮಾಡಲಿಲ್ಲ. ಸವಣೂರಿನ ಒಂದು ಸರಕಾರಿ ಕಚೇರಿಯಲ್ಲಿ ಗುತ್ತಿಗೆ ಮೇಲೆ ಕಂಪ್ಯೂಟರ್ ಕೆಲಸಕ್ಕೆ ಸೇರಿ ಮಗಳನ್ನು ಓದಿಸಿದಳು.

ಭಾರ್ಗವಿ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡಳು. ಅಲ್ಲಿ ಅದೇ ಪಾಠ ಬಂತು. ಒಂದು ಸಂಜೆ ಪುಸ್ತಕ ಮಡಿಚಿಟ್ಟು, ತಾಯಿ ಅಕ್ಕಿ ಆರಿಸುತ್ತಿದ್ದಲ್ಲಿಗೆ ಬಂದು, "ಅವ್ವ, ನಮ್ಮಪ್ಪ ಯಾರ?" ಎಂದು ಕೇಳಿದಳು. ವೇದಾ ಶ್ರೀಪಾದನ ಹೆಸರನ್ನೇ ಹೇಳಿದಳು. ಹುಡುಗಿ ಮತ್ತೇನೂ ಕೇಳದೆ ಎದ್ದು ಹೋದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

ಮರುವರ್ಷ ವೇದಾಳಿಗೆ ಗರ್ಭಕೋಶದಲ್ಲಿ ಗಡ್ಡೆಯಾಗಿ ರಕ್ತ ಹೋಗತೊಡಗಿತು. ಶಿಗ್ಗಾವಿಯ ಆಸ್ಪತ್ರೆಯಲ್ಲಿ ಆಪರೇಶನ್ ಎಂದರು. ಮೈಯಲ್ಲಿ ರಕ್ತ ತೀರ ಕಡಿಮೆಯಿದ್ದುದರಿಂದ ಮೊದಲು ಎರಡು ಬಾಟಲಿ ಏರಿಸಬೇಕು ಎಂದರು. ಓ ರಕ್ತವಲ್ಲವೇ, ಸಿಗುತ್ತದೆ ಎಂದು ಎಲ್ಲರೂ ನಿಶ್ಚಿಂತರಾಗಿದ್ದರು. ಆದರೆ ಹುಬ್ಬಳ್ಳಿಯ ರಕ್ತನಿಧಿಯಲ್ಲಿ ಅವಳ ರಕ್ತವನ್ನು ಯಾವ ಓ ಬಾಟಲಿಯ ಜೊತೆ ಕೂಡಿಸಿ ನೋಡಿದರೂ ಗಂಟು ಕಟ್ಟಿತು. ಎಂಟು ಬಾಟಲಿ ನೋಡಿದರು. ಒಂದೂ ಹೊಂದಲಿಲ್ಲ.

ಅಲ್ಲಿನ ಟೆಕ್ನಿಶಿಯನ್ ನಾಸೀರ ಬಂಕಾಪುರದವನು. ಅವನು ಅವಳ ರಕ್ತವನ್ನು ದೊಡ್ಡ ಲ್ಯಾಬಿಗೆ ಕಳಿಸಿದ. ವರದಿ ಬಂದ ದಿನ ಮನೆಗೆ ಹೋಗುವ ದಾರಿಯಲ್ಲಿ ತಾನೇ ಆಸ್ಪತ್ರೆಗೆ ಬಂದ. ಇದು ಓ ಅಲ್ಲ, ಬಾಂಬೆ ಗುಂಪು ಎಂಬ ಅಪರೂಪದ ರಕ್ತ. ಇವರಿಗೆ ಇಂಥದೇ ಗುಂಪಿನವರ ರಕ್ತವೇ ಬೇಕು ಎಂದ. ಒಡಹುಟ್ಟಿದವರಲ್ಲಿ ಸಿಗುವ ಸಂಭವ ಇರುವುದರಿಂದ ಮನೆಯವರ ಗುಂಪುಗಳನ್ನು ಬರೆದುಕೊಳ್ಳತೊಡಗಿದ. ಗಂಡ ಎ, ಮಗಳು ಎಬಿ ಎಂದು ವೇದಾ ಹೇಳಿದಳು.

"ಹಂಗಾರ ನಿಮ್ಮೊಳಗ ಬಿ ಐತ್ರಿ ಅಕ್ಕಾರ" ಎಂದ ನಾಸೀರ, ಬರೆಯುತ್ತಲೇ. "ಎ ಆಗ್ಲಿ ಬಿ ಆಗ್ಲಿ, ನಿಂದ್ರಾಕ ಒಂದು ಬುಡ ಬೇಕು. ನಿಮ್ಮ ರಕ್ತದಾಗ ಆ ಬುಡ ಇಲ್ಲ. ಅದಕ್ಕ ಸಾದಾ ತಪಾಸಣಿಯೊಳಗ ಓ ಅಂತ ಕಾಣ್ತೈತಿ. ಮಗಳಿಗೆ ಬುಡ ಅಪ್ಪನಿಂದ ಬಂದೈತಿ, ಬಿ ನಿಮ್ಮಿಂದ ಹೋಗೇತಿ."

ವೇದಾ ಹಾಸಿಗೆಯ ಮೇಲೆ ಎದ್ದು ಕುಳಿತಳು. ನಾಸೀರನಿಗೆ ಹಿಂದಿನದೇನೂ ಗೊತ್ತಿರಲಿಲ್ಲ.

"ಇದನ್ನ ಒಂದು ಕಾಗದದ ಮ್ಯಾಲೆ ಬರದು ಕೊಡ್ತೀರೇನ್ರಿ?" ಎಂದಳು.

ಅವನು ಬರೆದುಕೊಟ್ಟ. ಆ ಕಾಗದವನ್ನು ಮೊದಲು ಓದಿದವಳು ಭಾರ್ಗವಿ. ಎರಡು ಸಲ ಓದಿ, ತಾಯಿಯ ಕೈ ಹಿಡಿದುಕೊಂಡು ಅತ್ತಳು. ಅವಳ ಮುಖದ ಮೇಲಿನ ಭಾರ ಇಳಿದದ್ದು ವೇದಾಳಿಗೆ ಕಂಡಿತು. ಹಾಗಾದರೆ ಈ ಕ್ಷಣದವರೆಗೆ ಇವಳೂ ನಂಬಿರಲಿಲ್ಲ. ಅಷ್ಟು ವರ್ಷ ಬಾರದ ಅಳು ಅಂದು ವೇದಾಳಿಗೂ ಬಂತು. ಇಬ್ಬರೂ ಒಂದೇ ಕಾರಣಕ್ಕೆ ಅಳುತ್ತಿದ್ದೇವೆ ಎಂದು ಮಗಳು ತಿಳಿದಳು.

ಪವನನ ರಕ್ತ ಹೊಂದಿತು. ಅವನದೂ ಅದೇ ಗುಂಪು. ಅವನಿಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಎರಡನೆಯ ಬಾಟಲಿಗೆ ಬೆಳಗಾವಿ ಕಡೆಯ ಒಬ್ಬ ಅಪರಿಚಿತ ರಕ್ತ ಕೊಟ್ಟ. ಆಪರೇಶನ್ ಸುಸೂತ್ರವಾಯಿತು.

ಐದನೆಯ ದಿನ ಶ್ರೀಪಾದ ಬಂದ. ಪವನ ಅವನಿಗೆ ಕಾಗದದ ಫೋಟೊ ಕಳಿಸಿದ್ದ. ಶ್ರೀಪಾದನ ತಲೆ ಪೂರ್ತಿ ಬೆಳ್ಳಗಾಗಿತ್ತು. ಸ್ಟೂಲಿನ ತುದಿಗೆ ಕುಳಿತ.

"ನನಗ ಗೊತ್ತಿರಲಿಲ್ಲ ವೇದಾ. ಇದು ನಮ್ಮ ಪುಸ್ತಕದಾಗ ಇರಲಿಲ್ಲ."

"ಪುಸ್ತಕದಾಗ ಇರಲಿಲ್ಲ ಖರೆ" ಎಂದಳು ವೇದಾ. "ನಾ ಹೇಳಿದ್ದೆನಲ್ಲ."

ಅವನು ಕಣ್ಣೊರೆಸಿಕೊಂಡ. ಮನೆಗೆ ಬಾ ಎಂದು ಕರೆದ. ಅವಳು ಗೋಡೆಯ ಕಡೆ ಹೊರಳಿದಳು. ಭಾರ್ಗವಿ ಮಾತ್ರ ಅವನನ್ನು ಬಸ್‌ಸ್ಟ್ಯಾಂಡಿನವರೆಗೆ ಕಳಿಸಲು ಹೋದಳು. ಬಹಳ ತಡವಾಗಿ ಬಂದಳು. ರಜೆ ಬಿದ್ದ ಮೇಲೆ ಹಾನಗಲ್ಲಿಗೆ ಹೋಗಿ ಹದಿನೈದು ದಿನ ಇದ್ದಳು. ಅಪ್ಪ ತನಗಾಗಿ ಮೇಜು ಮಾಡಿಸಿದ್ದಾನೆ, ಪಾಠ ಹೇಳಿಕೊಡುತ್ತಾನೆ ಎಂದು ಫೋನಿನಲ್ಲಿ ಹೇಳಿದಳು. ಆ ದನಿಯಲ್ಲಿದ್ದ ಸಂತೋಷಕ್ಕೆ ವೇದಾ ಅಡ್ಡ ಬರಲಿಲ್ಲ. ಕೊನೆಗೆ ಅಲ್ಲಿಂದಲೇ ಕಾಲೇಜಿಗೆ ಹೋಗುತ್ತೇನೆ ಎಂದಾಗಲೂ ಹೂಂ ಎಂದಳು.

ನೀನೂ ಹೋಗು, ಈಗ ಎಲ್ಲ ತಿಳಿಯಾಯಿತಲ್ಲ ಎಂದು ಗೋಪಿಕಾಬಾಯಿ ಹೇಳತೊಡಗಿದಳು. ಓಣಿಯ ಹೆಂಗಸರು ಬಂದು, ನಮಗೆ ಮೊದಲೇ ಗೊತ್ತಿತ್ತು ಎಂದು ಹೇಳಿ ಚಹಾ ಕುಡಿದು ಹೋದರು.

"ಕಾಗದ ನೋಡಿ ನಂಬಿದವರ ಮನೀಗೆ ನಾ ಹೋಗಂಗಿಲ್ಲ ಅವ್ವ" ಎಂದಳು ವೇದಾ. ಅಂದ ಮೇಲೆ, ತಾನು ಕುಳಿತಿರುವುದೂ ಅಂಥದೇ ಮನೆ ಎಂಬುದು ಅವಳಿಗೆ ಹೊಳೆಯಿತು. ತಾಯಿಗೂ ಹೊಳೆದಿರಬೇಕು, ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮುಂದಿನ ತಿಂಗಳು ವೇದಾ ಕಚೇರಿಯ ಹತ್ತಿರ ಒಂದು ಕೋಣೆ ಬಾಡಿಗೆಗೆ ಹಿಡಿದು, ತನ್ನ ಬಟ್ಟೆ, ನಾಲ್ಕು ಪಾತ್ರೆ ತೆಗೆದುಕೊಂಡು ಒಬ್ಬಳೇ ಅಲ್ಲಿಗೆ ಹೋದಳು.