ಬಾಟಲಿಯೊಳಗಿನ ಉಸಿರು

ಮುಂದಿನ ಸೀಟಿನ ಗಂಡಸಿನ ಕಿವಿಯ ಹಿಂದೆ ಕ್ಷೌರದ ನೊರೆ ಒಣಗಿ ಬೆಳ್ಳಗೆ ಅಂಟಿಕೊಂಡಿದೆ, ಬೆಳಗ್ಗೆಯಿಂದ ಯಾರೂ ಹೇಳಿಲ್ಲ ಪಾಪ, ಮನೆಯಲ್ಲಿ ನೋಡುವವರಿಲ್ಲವೇನೋ, ಇದ್ದೂ ನೋಡಲಿಲ್ಲವೇನೋ, ಬೆರಳು ಚಾಚಿ ಒರೆಸಿಬಿಡಲೇ ಅನಿಸಿ ಟೀಚರಮ್ಮ ತೊಡೆಯ ಮೇಲಿನ ಚೀಲವನ್ನು ಇನ್ನಷ್ಟು ಅವುಚಿಕೊಂಡಳು — ಚೀಲದಲ್ಲಿ ಏಳನೇ ಎ, ಏಳನೇ ಬಿ, ಎರಡೂ ಸೆಕ್ಷನ್ನಿನ ವಿಜ್ಞಾನದ ಉತ್ತರಪತ್ರಿಕೆಗಳು, ಬಸ್ಸು ಎಗರಿದಾಗಲೆಲ್ಲ ಅಂಚು ಹೊಟ್ಟೆಗೆ ತಿವಿಯುತ್ತದೆ. ಎರಡರ ಅಂಕಗಳಲ್ಲಿ ವ್ಯತ್ಯಾಸವೇ ಇಲ್ಲ. ಇಲ್ಲ, ಇದೆ, ಬಿ ಸೆಕ್ಷನ್ನೇ ಕೂದಲೆಳೆಯಷ್ಟು ಮೇಲೆ, ಬರೀ ಕರಿಹಲಗೆ ನೋಡಿ ಗಿಳಿಪಾಠ ಒಪ್ಪಿಸಿದ ಬಿ ಸೆಕ್ಷನ್ನು. ಸಂಶೋಧನೆಯ ಗೈಡು ಫೋನಿನಲ್ಲಿ ನಕ್ಕರು, ಕೆಟ್ಟ ಮನುಷ್ಯರೇನಲ್ಲ, ಬಂದದ್ದನ್ನ ಬಂದ ಹಾಗೇ ಬರೀರಮ್ಮ, ಪ್ರಯೋಜನ ಆಗಲಿಲ್ಲ ಅನ್ನೋದೂ ಒಂದು ಫಲಿತಾಂಶಾನೇ, ನಿಮ್ಮ ಡಿಗ್ರಿಗೇನೂ ಧಕ್ಕೆ ಇಲ್ಲ — ಡಿಗ್ರಿ ಯಾರಿಗೆ ಬೇಕು, ಬೇಕಿತ್ತು, ಹೊಸ ಬಗೆಯ ಬೋಧನಾ ಸಾಧನಗಳಿಂದ ಕಲಿಕೆ ಸುಧಾರಿಸುವುದೇ ಅಂತ ಪ್ರಬಂಧಕ್ಕೆ ಮೊಳದುದ್ದದ ಹೆಸರಿಟ್ಟುಕೊಂಡು ಹೊರಟಾಗ ಬೇಕಿತ್ತು, ಆಮೇಲೆ ಆ ಕೆಲಸ ಅವನದಾಯಿತು, ಗಂಡನದು. ಬಡಗಿ. ಮರದ ಹುಡಿ ವರ್ಷಗಟ್ಟಲೆ ಎದೆಗಿಳಿದು, ಉಳಿ ಸುತ್ತಿಗೆ ಮೂಲೆ ಸೇರಿ, ಮೂಗಿಗೆ ಆಮ್ಲಜನಕದ ನಳಿಕೆ ಸಿಕ್ಕಿಸಿಕೊಂಡು ಕಿಟಕಿ ಪಕ್ಕದ ಕುರ್ಚಿಗೆ ಬಿದ್ದವನು, ಯಾರ ಜೊತೆಯೂ ಮಾತಿಲ್ಲ ಕತೆಯಿಲ್ಲ, ಇವಳು ಒಂದು ಸಂಜೆ ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಲು ಹೆಣಗುವಾಗ, ಇಲ್ಲಿ ಕೊಡು ಮಾರಾಯ್ತಿ, ಕತ್ತರಿ ಹಿಡಿಯೋ ಕೈಯಾ ಅದು, ಅಂದ. ಎಷ್ಟು ದಿನಕ್ಕೆ ಆಡಿದ ಮಾತು. ಬಾಟಲಿ ಅಂದರೆ ಎದೆಗೂಡು, ಒಳಗೆ ಇಳಿಬಿಟ್ಟ ಎರಡು ಬಲೂನು ಶ್ವಾಸಕೋಶ, ತಳಕ್ಕೆ ಬಿಗಿದ ರಬ್ಬರು ಎದೆ-ಹೊಟ್ಟೆಯ ನಡುವಿನ ಪರದೆ, ಪಾಠದಲ್ಲಿ ಅದಕ್ಕೆ ವಪೆ ಅಂತ ಹೆಸರು, ಕೆಳಗೆ ಎಳೆದರೆ ಬಲೂನು ಉಬ್ಬುತ್ತವೆ, ಬಿಟ್ಟರೆ ಮುದುಡುತ್ತವೆ. ಒಂದು ಸಾಕು ಅಂದರೆ ಕೇಳಲಿಲ್ಲ, ಬೆಂಚಿಗೊಂದು ಬೇಡವಾ, ಹಿಂದೆ ಕೂತವರಿಗೆ ಏನು ಕಾಣುತ್ತೆ, ಒಂದೊಂದಕ್ಕೂ ಮರದ ಕಾಲು, ಕಾಲಿಗೆ ಪಾಲಿಶ್, ನಾಲ್ಕು ಸಲ ಉಜ್ಜಿ ಒಮ್ಮೆ ಸುಧಾರಿಸಿಕೊಂಡು. ಡಾಕ್ಟರು ಇವಳನ್ನು ಕಾರಿಡಾರಿಗೆ ಕರೆದು, ಇನ್ನು ನಾವು ಮಾಡೋದು ಏನೂ ಉಳಿದಿಲ್ಲಮ್ಮ ಅಂದದ್ದೂ ಅದೇ ದಿನಗಳಲ್ಲಿ, ಅವನು ಕೇಳಲಿಲ್ಲ, ಇವಳು ಹೇಳಲಿಲ್ಲ, ಸಂಜೆ ಚಪ್ಪಲಿ ಬಿಡುವ ಮೊದಲೇ ಅವನದು ಒಂದೇ ಪ್ರಶ್ನೆ — ಮಕ್ಕಳಿಗೆ ಅರ್ಥ ಆಯ್ತಾ?

ಆಯ್ತು ಅಂದಿದ್ದಳು, ಸುಳ್ಳಲ್ಲ, ಬೆಂಚಿಗೊಂದು ಬಾಟಲಿ ಇಟ್ಟ ದಿನ ಎ ಸೆಕ್ಷನ್ನಿನಲ್ಲಿ ಗಲಾಟೆಯೋ ಗಲಾಟೆ, ಪಕ್ಕದ ಕ್ಲಾಸಿನ ಲೆಕ್ಕದ ಮೇಷ್ಟ್ರು ಬಾಗಿಲಲ್ಲಿ ಬಂದು ನಿಂತು ಹೋದರು, ಇಡೀ ಶಾಲೆ ತೂಕಡಿಕೆ ಅಂತ ಕರೆಯುವ ಹುಡುಗಿ ಕಣ್ಣರಳಿಸಿ, ಮಿಸ್ ನಾನೊಂದ್ಸಲ ಎಳೀಲಾ ಅಂತ ಎದ್ದು ಬಂದಿದ್ದಳು, ಅವಳು ತಾನಾಗಿ ಬೆಂಚು ಬಿಟ್ಟು ಎದ್ದದ್ದು ಅದೇ ಮೊದಲು. ಆಮೇಲೆ ಪರೀಕ್ಷೆ. ಉಸಿರೆಳೆದಾಗ ಗಾಳಿ ನಮ್ಮ ಶ್ವಾಸಕೋಶದೊಳಗೆ ಹೇಗೆ ಹೋಗುತ್ತದೆ. ತೂಕಡಿಕೆ ದುಂಡಗೆ ಬರೆದಿದ್ದಾಳೆ, ಮಿಸ್ ಕೆಳಗಿನ ರಬ್ಬರ್ ಎಳೆಯುತ್ತಾರೆ. ಸ್ಟಾಫ್‌ರೂಮಿನಲ್ಲಿ ಒಬ್ಬಳೇ ನಕ್ಕುಬಿಟ್ಟಿದ್ದಳು, ಮುಂದಿನ ಪತ್ರಿಕೆಗೆ ಸ್ವಲ್ಪ ಕಡಿಮೆ ನಕ್ಕಳು, ಅದರ ಮುಂದಿನದಕ್ಕೆ ನಗು ನಿಂತಿತು, ರಬ್ಬರ್, ರಬ್ಬರ್, ಬಲೂನು ಕೆಂಪಗಿರುತ್ತದೆ, ಬಾಟಲಿ ಗಟ್ಟಿಯಿರಬೇಕು, ಇಷ್ಟು ಮಕ್ಕಳಲ್ಲಿ ತಮ್ಮೆದೆಯ ಮೇಲೆ ಕೈಯಿಟ್ಟು ನೋಡಿಕೊಂಡವರು ಇಲ್ಲವೇ ಇಲ್ಲ. ಬಿ ಸೆಕ್ಷನ್ನಿನವರದು ಒಂದೇ ಎರಕ, ವಪೆ ಕೆಳಗಿಳಿಯುತ್ತದೆ, ಎದೆಗೂಡು ಹಿಗ್ಗುತ್ತದೆ, ಅವರಿಗಾದರೂ ಏನು ತಿಳಿದಿದೆ, ಯಾರಿಗೂ ಏನೂ ತಿಳಿದಿಲ್ಲ, ತಾನು ಇಷ್ಟು ವರ್ಷ ಕ್ಲಾಸುಗಳಲ್ಲಿ ನಿಂತು ಗಂಟಲು ಹರಿದುಕೊಂಡದ್ದು ಯಾವ ಗಾಳಿಗೆ — ಇಳೀರಮ್ಮ ನಿಮ್ಮ ಸ್ಟಾಪು ಬಂತು, ಕಂಡಕ್ಟರಿಗೂ ಅಭ್ಯಾಸವಾಗಿದೆ. ಅವನಿಗೆ ಹೇಳಿಬಿಡುವುದು, ತುಂಬಾ ಚೆನ್ನಾಗಿ ಬರೆದಿದ್ದಾರೆ ಕಣ್ರೀ, ಇಷ್ಟೇ, ಇಸ್ತ್ರಿ ಅಂಗಡಿ ದಾಟುವಾಗ ಒಮ್ಮೆ, ಮೆಟ್ಟಿಲು ಹತ್ತುವಾಗ ಒಮ್ಮೆ, ತುಂಬಾ ಚೆನ್ನಾಗಿ, ದನಿ ನಡುಗಬಾರದು.

ಆಮ್ಲಜನಕದ ಮೆಷಿನ್ನು ಗುಂಯ್‌ಗುಡುತ್ತಿದೆ. ಅವನು ಇವತ್ತು ಆ ಪ್ರಶ್ನೆ ಕೇಳಲೇ ಇಲ್ಲ, ಚೀಲಕ್ಕೇ ಕೈಹಾಕಿದ, ಒಂದು ಪತ್ರಿಕೆ ಎಳೆದು ಕಿಟಕಿಯ ಬೆಳಕಿಗೆ ಹಿಡಿದ, ಇನ್ನೊಂದು, ಮತ್ತೊಂದು, ನಿಧಾನ ಓದುತ್ತಾನೆ, ಅಂಗಿಯ ಮೇಲಿನ ಗುಂಡಿ ಬಿಚ್ಚಿದೆ, ಕೊರಳ ಬುಡದಲ್ಲಿ ಎರಡು ಎಲುಬಿನ ನಡುವಿನ ಗುಳಿ ಒಳಕ್ಕೆ ಹೋಗುತ್ತದೆ, ಬರುತ್ತದೆ. ಇವಳು ತಯಾರು ಮಾಡಿಕೊಂಡಿದ್ದ ಮಾತು ಎಲ್ಲಿ ಹೋಯಿತೋ. ತಪ್ಪೇನಿದೆ, ಅಂದ, ರಬ್ಬರು ಎಳೆದದ್ದು ನೀನೇ ಅಲ್ವಾ. ನಗಲು ನೋಡಿದ, ನಗು ಕೆಮ್ಮಾಯಿತು, ಬೆನ್ನು ಸವರಿದಳು, ಬೆನ್ನೆಂದರೆ ಈಗ ಬರೀ ಎಲುಬು, ಕೊರಳ ಗುಳಿ ಹೆಬ್ಬೆರಳು ಹೂತುಹೋಗುವಷ್ಟು ಒಳಕ್ಕೆ, ಹೊರಕ್ಕೆ. ಮುಂದಿನ ವರ್ಷ, ಅಂದ, ಉಸಿರಿಗೆ ಕಾದು ಮತ್ತೆ, ಮುಂದಿನ ವರ್ಷ ಆ ರಬ್ಬರು ಕಾಣದ ಹಾಗೆ ಮುಚ್ಚಿ ಮಾಡ್ತೀನಿ, ನೋಡು ಬೇಕಾದ್ರೆ. ಹೂಂ ಅಂದಳು. ಮುಂದಿನ ವರ್ಷ ಯಾವ ಸೆಕ್ಷನ್ನು, ಯಾರು, ಹೂಂ ಅಂತ ಇನ್ನೊಮ್ಮೆ ಅಂದಳು, ಅವನು ಕಣ್ಣು ಮುಚ್ಚಿದ್ದ, ಪತ್ರಿಕೆಗಳು ಮಡಿಲಿಂದ ಜಾರಿದವು, ಎತ್ತಬೇಕು, ಎತ್ತಲಿಲ್ಲ, ಆ ಗುಳಿ ಒಳಕ್ಕೆ, ಹೊರಕ್ಕೆ, ಒಳಕ್ಕೆ —