ಬಟ್ಟಲಿನ ತಳದ ಕುಂಕುಮ

ದೋಣಿಯವನಿಗೆ ಭುಜ ಹೋದರೆ ಎಲ್ಲ ಹೋದ ಹಾಗೆ. ಎಪ್ಪತ್ತೈದನೇ ಇಸವಿಯ ಬೇಸಿಗೆಯಲ್ಲಿ ಸಾಸ್ವೆಹಳ್ಳಿ ಕಡೆಯ ದೋಣಿ ಚಿಕ್ಕಹನುಮಂತಪ್ಪನ ಬಲಭುಜ ಬಿದ್ದುಹೋಯಿತು. ಹುಟ್ಟು ಹಾಕುವುದಿರಲಿ, ಆ ಕೈ ಎದೆಯ ಮಟ್ಟಕ್ಕೂ ಏಳುತ್ತಿರಲಿಲ್ಲ. ಮೂವತ್ತು ವರ್ಷ ಜನರನ್ನು ಹೊಳೆ ದಾಟಿಸಿದ ಮನುಷ್ಯ; ಬೇರೆ ಕೆಲಸ ಗೊತ್ತಿಲ್ಲ. ಪಂಚಾಯಿತಿ ಚೇರ್ಮನ್ ಕಲ್ಲೇಶಪ್ಪನವರು ದೋಣಿಯನ್ನು ಹರಿಗೋಲು ನಡೆಸುವ ಚಿತ್ತಪ್ಪನಿಗೆ ವಹಿಸುತ್ತೇನೆಂದಾಗ ಇವನು ಒಂದು ಗಡುವು ಕೇಳಿಕೊಂಡ. ಶ್ರಾವಣದ ಮೊದಲ ಸೋಮವಾರ, ತುಂಬಿದ ಹೊಳೆಯಲ್ಲಿ, ಇಂಜಿನ್ ಹಾಕಿ ಆಚೆ ದಡ ಮುಟ್ಟಿ ಬರುತ್ತೇನೆ. ಆಗದಿದ್ದರೆ ಹುಟ್ಟು ಕೊಟ್ಟುಬಿಡುತ್ತೇನೆ ಎಂದ.

ಆಮೇಲೆ ದಾವಣಗೆರೆ ಗುಜರಿಯಿಂದ ಒಂದು ಹಳೇ ಇಂಜಿನ್ ಎತ್ತಿಸಿಕೊಂಡು ನನ್ನ ಹತ್ತಿರ ಬಂದ. ನಾನು ಹೊನ್ನಾಳಿ ಬಸ್ ಸ್ಟ್ಯಾಂಡ್ ಹಿಂದೆ ಪಂಪ್‌ಸೆಟ್, ಮೋಟಾರ್ ಸೈಕಲ್ ರಿಪೇರಿ ಮಾಡುವ ಮಹೇಶ್ವರಪ್ಪ. ಬಾಯಿ ಜೋರು, ಕೈ ಅದಕ್ಕಿಂತ ಜೋರು ಎಂದು ಊರು ಹೇಳುತ್ತದೆ. ಮೊದಲನೆಯದು ನಿಜ.

ಇಂಜಿನ್ ಪರವಾಗಿರಲಿಲ್ಲ. ಅದಕ್ಕೆ ಪೆಟ್ರೋಲ್ ಉಣಿಸುವ ಕಾರ್ಬೊರೇಟರ್ ನೋಡಿ ತಲೆ ಕೆಟ್ಟಿತು. ಹಳೇ ಪೆಟ್ರೋಲ್ ಒಣಗಿ ಒಳಗೆಲ್ಲ ಬೆಲ್ಲದ ಪಾಕದಂತೆ ಅಂಟಿತ್ತು. ಪೆಟ್ರೋಲ್ ಹಾಯುವ ಜೆಟ್ಟಿನ ಸಣ್ಣ ತೂತಿಗೆ ಯಾರೋ ಪುಣ್ಯಾತ್ಮ ತಂತಿ ತೂರಿಸಿ ಅಗಲ ಮಾಡಿದ್ದ. ಅದಕ್ಕೆ ಊದಬೇಕು, ಇಲ್ಲವೇ ಪೊರಕೆಯ ಎಳೆ ಹಾಕಬೇಕು. ತಂತಿ ಹಾಕುವವನು ಕಿವಿಯ ಗುಗ್ಗೆಯನ್ನೂ ಗುದ್ದಲಿಯಲ್ಲೇ ತೆಗೆಯುತ್ತಾನೆ!

ಬೇರೆ ಜೆಟ್ಟಿಗಾಗಿ ಎರಡು ಸಲ ಗುಜರಿ ಅಂಗಡಿಗಳನ್ನು ಜಾಲಾಡಿ ತಂದೆ. ಕಾರ್ಬೊರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲಿನೊಳಗೆ ತೇಲುವ ಹಿತ್ತಾಳೆಯ ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಗುಳುಗುಳು ಎಂದಿತು. ಎಲ್ಲೋ ತೂತಾಗಿ ಪೆಟ್ರೋಲ್ ಒಳಹೊಕ್ಕಿದೆ. ಬಿಸಿನೀರಿನಲ್ಲಿ ಮುಳುಗಿಸಿ, ಗುಳ್ಳೆ ಎದ್ದ ಜಾಗಕ್ಕೆ ಗುರುತು ಹಾಕಿ, ಒಳಗಿನದನ್ನು ತೆಗೆದು ಬೆಸುಗೆ ಹಾಕಿದೆ. ಹಳೇ ಕ್ಯಾಲೆಂಡರಿನ ರಟ್ಟು ಕತ್ತರಿಸಿ ಸೋರದಂತೆ ಪ್ಯಾಕಿಂಗ್ ಕೂರಿಸಿದೆ. ಬಟ್ಟಲಿನ ಮುಚ್ಚಳದ ಮೇಲೆ, ಚಾಲೂ ಮಾಡುವ ಮುಂಚೆ ಒತ್ತಲು, ಒಂದು ಒತ್ತುಗುಂಡಿ ಇರಬೇಕಿತ್ತು. ಅದು ಎಲ್ಲೋ ಬಿದ್ದುಹೋಗಿ ತೂತು ಮಾತ್ರ ಉಳಿದಿತ್ತು. ಗುಂಡಿ ಇಲ್ಲದೆಯೂ ಇಂಜಿನ್ ಓಡುತ್ತದೆ. ತಗಡಿನ ಟೋಪಿಯೊಂದನ್ನು ಮಾಡಿ ಮುಚ್ಚಲು ಕಾಲು ಗಂಟೆ ಸಾಕು. ನಾಳೆ ಹಾಕಿದರಾಯಿತು ಎಂದು ಬಿಟ್ಟೆ.

ಗಡುವಿನ ಹಿಂದಿನ ದಿನ, ಭಾನುವಾರ, ಇಂಜಿನ್ನನ್ನು ದೋಣಿಗೆ ಬಿಗಿದೆವು. ಕಾರ್ಬೊರೇಟರಿನ ಗಾಳಿಯ ಸ್ಕ್ರೂ ಪೂರ್ತಿ ಬಿಗಿದು, ಒಂದೂವರೆ ಸುತ್ತು ಬಿಚ್ಚಿ, ಅಲ್ಲಿಂದ ಕೂದಲೆಳೆಯಷ್ಟು ಆಚೆ, ಈಚೆ. ಸಾರಿಗೆ ಉಪ್ಪು ನೋಡಿದಂತೆ ಅದು, ನಾಲಿಗೆಯ ಬದಲು ಕಿವಿ. ಸಂಜೆಯ ಹೊತ್ತಿಗೆ ಇಂಜಿನ್ ಒಂದೇ ಸಮ ಮಾತಾಡತೊಡಗಿತು. ದಡದ ಗುಂಟ ಒಂದು ಸುತ್ತು ಹೊಡೆದು ಬಂದೆವು. ಹನುಮಂತಣ್ಣ ಅದರ ಮೇಲೆ ಎಡಗೈ ಇಟ್ಟ.

"ಮೇಸ್ತ್ರಿ, ಇದು ಇಂಜಿನ್ ಅಲ್ಲ ಕಣೋ. ನನ್ ಭುಜ ವಾಪಸ್ ಕೊಟ್ಟೀಯ" ಎಂದ.

ಸುಳ್ಳೇಕೆ, ನನಗೆ ಹೆಮ್ಮೆಯಾಯಿತು.

ಸೋಮವಾರ ಬೆಳಿಗ್ಗೆ ಕಲ್ಲೇಶಪ್ಪನವರು ಇಬ್ಬರು ಮೆಂಬರುಗಳೊಂದಿಗೆ ಬಂದು ದೋಣಿಯ ಹತ್ತಿರ ನಿಂತರು. ಪೂಜೆ ಇಲ್ಲದೆ ಯಂತ್ರ ಹೊರಡಿಸುವುದು ನಮ್ಮಲ್ಲಿ ಉಂಟೇ? ಹನುಮಂತಣ್ಣನ ಹೆಂಡತಿ ಹೊನ್ನೂರಮ್ಮ ಮಡಿಯುಟ್ಟು ಬಂದು ಇಂಜಿನ್ನಿಗೆ ವಿಭೂತಿ ಬಳಿದಳು, ಹೂವು ಏರಿಸಿದಳು, ಕಾಯಿ ಒಡೆದಳು. ಆಮೇಲೆ ತಂಬಿಗೆಯಲ್ಲಿ ಹೊಳೆಯ ನೀರು ತುಂಬಿ ಕುಂಕುಮ ಕದಡಿದಳು.

"ಗಂಗವ್ವನ ಮೈಮ್ಯಾಲೆ ಓಡಾಡೋದು. ಅವ್ಳಿಗೆ ಗುರ್ತು ಸಿಗಬೇಕಲ್ಲಪ್ಪ" ಎಂದು ಇಂಜಿನ್ನಿನ ನೆತ್ತಿಯಿಂದ ಮೂರು ಸಲ ಸುರಿದಳು.

ನಾನು ಬಾಯಿ ತೆರೆದೆ. ಕಲ್ಲೇಶಪ್ಪನವರು ಕಣ್ಣು ಮುಚ್ಚಿ ಕೈ ಮುಗಿದಿದ್ದರು. ಪೂಜೆಯ ನಡುವೆ ಬೇಡ ಎನ್ನುವ ಗಂಡು ನಾನಲ್ಲ. ಆ ತೂತು ನೆನಪಿಗೂ ಬರಲಿಲ್ಲ. ಸ್ಪಾರ್ಕ್ ಪ್ಲಗ್ ನೆನೆದೀತು ಎಂಬುದಷ್ಟೇ ನನ್ನ ಚಿಂತೆ. ಬಟ್ಟೆಯಿಂದ ಮೇಲೆಲ್ಲ ಒರೆಸಿದೆ.

ಕಲ್ಲೇಶಪ್ಪನವರೂ ಮೆಂಬರುಗಳೂ ನಮ್ಮೊಂದಿಗೆ ದೋಣಿ ಹತ್ತಿದರು. ದಡದ ಹತ್ತಿರ ನಿಧಾನವಾಗಿ ಹೋಗುವಾಗ ಇಂಜಿನ್ ಚೆನ್ನಾಗಿಯೇ ಓಡಿತು. ನಡುಹೊಳೆಯಲ್ಲಿ ಸೆಳವು ಬಂತೆಂದು ಹನುಮಂತಣ್ಣ ವೇಗ ಹೆಚ್ಚಿಸಿದ. ಇಂಜಿನ್ ಒಮ್ಮೆ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿ ನಿಂತೇಹೋಯಿತು.

ದೋಣಿ ಅಡ್ಡಲಾಗಿ ತಿರುಗಿ ಕೆಳಮುಖವಾಗಿ ಹೊರಟಿತು. ನಾನು ಇಂಜಿನ್ ಚಾಲೂ ಮಾಡುವ ಹಗ್ಗ ಎಳೆದೆ, ಮತ್ತೆ ಎಳೆದೆ, ಅಂಗೈ ಕಿತ್ತು ಬರುವಷ್ಟು ಎಳೆದೆ. ಇಂಜಿನ್ ಉಸಿರೆತ್ತಲಿಲ್ಲ. ನನಗೆ ಈಜು ಬರುವುದಿಲ್ಲ. ಮೆಂಬರುಗಳು ದೇವರನ್ನೂ ನನ್ನನ್ನೂ ಒಟ್ಟಿಗೆ ಕರೆಯುತ್ತಿದ್ದರು. ಹನುಮಂತಣ್ಣ ಹುಟ್ಟು ಹಿಡಿದು ಎದ್ದ. ಎಡಗೈಯಲ್ಲಿ ನೀರಿಗಿಟ್ಟ, ಸೆಳವು ಅದನ್ನು ಕಿತ್ತುಕೊಂಡಿತು. ಮೂವತ್ತು ವರ್ಷ ತನ್ನ ಮಾತು ಕೇಳಿದ ಹೊಳೆಯನ್ನು ಅವನು ನಿಂತು ನೋಡಿದ. ಆ ಮುಖ ನೋಡಲಾಗದೆ ನಾನು ಹಗ್ಗ ಎಳೆಯುತ್ತಲೇ ಇದ್ದೆ.

ನಮ್ಮನ್ನು ದಡ ಮುಟ್ಟಿಸಿದವನು ಚಿತ್ತಪ್ಪ. ಹರಿಗೋಲು ತಂದು, ಹಗ್ಗ ಎಸೆದು, ಮೈಲು ದೂರ ಕೆಳಗೆ ದಡಕ್ಕೆ ಎಳೆದು ತಂದ. ಕಲ್ಲೇಶಪ್ಪನವರು ಪಂಚೆ ಹಿಂಡಿಕೊಳ್ಳುತ್ತ, "ಇನ್ನೇನು ಹೇಳಾಕೆ ಐತೆ ಹನುಮಂತಪ್ಪ? ನಾಳಿಂದ ಚಿತ್ತಪ್ಪನೇ ನಡೆಸಲಿ" ಎಂದರು. ಅವರ ಕಣ್ಣಲ್ಲೂ ನೀರಿತ್ತು. ಅವರ ತೀರ್ಪು ತಪ್ಪು ಎಂದು ಹೇಗೆ ಹೇಳುವುದು?

ಅವರೆಲ್ಲ ಹೋದ ಮೇಲೆ ನಾನು ಕಾರ್ಬೊರೇಟರಿನ ಬಟ್ಟಲು ಬಿಚ್ಚಿದೆ. ಮೇಲೆ ಪೆಟ್ರೋಲ್, ಕೆಳಗೆ, ಜೆಟ್ಟಿನ ಬಾಯಲ್ಲೇ, ಅರ್ಧ ಚಮಚ ನೀರು. ತಳದಲ್ಲಿ ಕೆಂಪಗೆ ಕುಂಕುಮ ಕೂತಿತ್ತು. ಮುಚ್ಚಳದ ಆ ತೂತಿನಿಂದಲೇ ಇಳಿದಿತ್ತು; ವೇಗ ಹೆಚ್ಚಿಸಿದೊಡನೆ ಜೆಟ್ಟು ಪೆಟ್ರೋಲಿನ ಬದಲು ನೀರನ್ನೇ ಹೀರಿತ್ತು. ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ನಾಳೆ ಎಂದವನು ನಾನು, ಹಾಳಾದದ್ದು ಅವನ ಮನೆ.

ಅಷ್ಟರಲ್ಲಿ ಹೊನ್ನೂರಮ್ಮ ದಂಡೆಯ ಗುಂಟ ಓಡಿ ಬಂದಳು. ಕೈಯಲ್ಲಿ ತಂಬಿಗೆ ಹಾಗೆಯೇ ಇತ್ತು.

"ಗಂಗವ್ವ ಒಲ್ಲೆ ಅಂದ್ಲೇನ್ರೀ? ನನ್ ಪೂಜಿಯಾಗೆ ಏನಾರ ತಪ್ಪಾತಾ? ಹೇಳ್ರೀ..."

ಹನುಮಂತಣ್ಣ ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡ. ಒಳಗೆ ನೋಡಿದ. ಕೆಂಪು ನೋಡಿದ, ಹೆಂಡತಿಯ ತಂಬಿಗೆ ನೋಡಿದ. ಬಟ್ಟಲನ್ನು ಮರಳಿಗೆ ಬಗ್ಗಿಸಿ, ಚೆಲ್ಲಿದ ಕೆಂಪಿನ ಮೇಲೆ ಕಾಲಿನಿಂದ ಮರಳು ಎಳೆದ.

"ನಿನ್ ಪೂಜಿ ಸರಿಯಾಗೇ ಐತೆ ಕಣೆ. ಈ ಮೇಸ್ತ್ರಿ ಕೆಲ್ಸನೇ ಸರಿ ಇಲ್ಲ. ಬೈ ಅವ್ನಿಗೆ" ಎಂದ.

ಅವಳು ಬೈದಳು. ನನ್ನ ಕೈ ಸೇದಿಹೋಗಲಿ ಎಂದಳು, ನನ್ನ ಅಂಗಡಿಗೆ ಮಣ್ಣು ಬೀಳಲಿ ಎಂದಳು. ನಾನು ತಲೆ ತಗ್ಗಿಸಿ ನಿಂತೆ. ಒಮ್ಮೆ ಕತ್ತೆತ್ತಿದಾಗ, ಅವಳ ಬೆನ್ನ ಹಿಂದಿನಿಂದ ಹನುಮಂತಣ್ಣ ನನಗೆ ಕೈ ಮುಗಿಯುತ್ತಿದ್ದ. ಎದೆಯವರೆಗೆ ಏರಿದ್ದು ಎಡಗೈ ಒಂದೇ.